ಬ್ರೋಕರಿಗೆ ಬಾಗಿಲು ತೆಗೆದವರು

ಮನೆ ಮಾರಿ ಹನ್ನೆರಡು ದಿನವಾಗಿತ್ತು. ತಿಪಟೂರಿನ ನನ್ನ ಟೈಲರಿಂಗ್ ಅಂಗಡಿಯಲ್ಲಿ ಬ್ಲೌಸೊಂದಕ್ಕೆ ಹುಕ್ ಹಾಕುತ್ತ ಕೂತಿದ್ದಾಗ ಬ್ರೋಕರ್ ಫೋನ್ ಮಾಡಿದ.

"ಅಮ್ಮಾ, ರಿಜಿಸ್ಟ್ರು ಆಯ್ತಂತೆ. ನಂಗೊಂದು ಮಾತು ಹೇಳ್ಲಿಲ್ವಲ್ಲ ನೀವು. ನನ್ನ ಕಮಿಷನ್ ಏನ್ ಮಾಡಿದ್ರಿ?"

ನನಗೆ ಮೊದಲು ಅವನು ಯಾರೆಂದೇ ಹೊಳೆಯಲಿಲ್ಲ. ತುರುವೇಕೆರೆಯಲ್ಲಿದ್ದ ನಮ್ಮ ಮನೆಯನ್ನು ಮಾರಬೇಕು ಅಂತ ತೀರ್ಮಾನ ಮಾಡಿದ ಹೊಸದರಲ್ಲಿ ಯಾರೋ ಇವನ ನಂಬರ್ ಕೊಟ್ಟಿದ್ದರು. ಕಿಬ್ಬನಹಳ್ಳಿ ಕ್ರಾಸಿನವನು, ಮುಂಚೆ ತೆಂಗಿನಕಾಯಿ ವ್ಯಾಪಾರ ಮಾಡುತ್ತಿದ್ದನಂತೆ. ಮುಖ ನೋಡಿರಲಿಲ್ಲ. ಎರಡು ಸಲ ಫೋನಿನಲ್ಲಿ ಮಾತಾಡಿ, ಮನೆ ಯಾವ ಬೀದಿಯಲ್ಲಿದೆ ಅಂತ ಹೇಳಿ, "ಯಾರಾದ್ರೂ ನೋಡೋರಿದ್ರೆ ಹೇಳಪ್ಪ, ನಾನೇ ಬಂದು ಬೀಗ ತೆಗೆದು ತೋರಿಸ್ತೀನಿ" ಅಂದಿದ್ದೆ. ಆಮೇಲೆ ಅವನ ಸುದ್ದಿಯೇ ಇರಲಿಲ್ಲ. ಮನೆ ಕೊಂಡದ್ದು ಮಾಯಸಂದ್ರದ ಕಡೆ ಸ್ಕೂಲಿನಲ್ಲಿದ್ದ ಮೇಷ್ಟ್ರು ಮತ್ತು ಟೀಚರೇ ಆಗಿದ್ದ ಅವರ ಹೆಂಡತಿ. ಆ ಟೀಚರಮ್ಮ ಬ್ಲೌಸ್ ಹೊಲಿಸೋಕೆ ನನ್ನ ಅಂಗಡಿಗೇ ಬಂದಿದ್ದರು, ಮಾತಿನಲ್ಲಿ ಮಾತು ಬಂದು ವ್ಯಾಪಾರ ಕುದುರಿತ್ತು. ಮನೆ ತೋರಿಸ್ತೀನಿ ಬನ್ನಿ ಅಂದರೆ, ನೋಡಿದ್ದೀವಿ ಬಿಡಿ ಅಂದಿದ್ದರು, ಬೀದಿಯಿಂದ ನೋಡಿರಬೇಕು ಅಂದುಕೊಂಡೆ. ನಡುವೆ ಬೇರೆ ಯಾರೂ ಇರಲಿಲ್ಲ.

"ನೀನು ಯಾರನ್ನ ಕರ್ಕೊಂಡ್ ಬಂದೆ ಅಂತ ಕಮಿಷನ್ ಕೊಡ್ಲಿ?" ಅಂದೆ. "ಕೀ ನನ್ನತ್ರ ಇತ್ತು. ನೀನು ಮನೆ ಒಳಗೆ ಕಾಲೇ ಇಟ್ಟಿಲ್ಲ."

"ಇಟ್ಟಿಲ್ವಾ? ನಡುಮನೆ ಗೋಡೆ ಮೇಲೆ ದಿನಾ ಹಾಳೆ ಹರಿಯೋ ಕ್ಯಾಲೆಂಡರ್ ಐತಲ್ವಾ? ಅಡುಗೆಮನೆ ಸಿಂಕ್ ಹತ್ರ ಟೈಲ್ಸ್ ಒಡೆದಿರೋದಕ್ಕೆ ಸಿಮೆಂಟು ಮೆತ್ತವ್ರೆ. ಹಿಂದಲ ರೂಮಿನ ಬಾಗಿಲು ಸುಮ್ಮನೆ ತಳ್ಳಿದ್ರೆ ಮುಚ್ಚಲ್ಲ, ಒಂಚೂರು ಮೇಲಕ್ಕೆತ್ತಿ ತಳ್ಬೇಕು. ಹೌದೋ ಅಲ್ವೋ?"

ಆ ಬಾಗಿಲನ್ನು ಎತ್ತಿ ತಳ್ಳಬೇಕು ಅನ್ನುವುದು ನಮ್ಮ ಮನೆಯಲ್ಲಿ ಬಾಳಿದವರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. "ನಾಳೆ ಅಂಗಡಿ ಹತ್ರ ಬಾ, ಮಾತಾಡೋಣ" ಅಂತ ಫೋನ್ ಇಟ್ಟೆ.

ಇಟ್ಟ ಮೇಲೆ, ಅಷ್ಟು ದಿನದಿಂದ ಯೋಚಿಸಬಾರದು ಅಂತ ಒತ್ತಿ ಇಟ್ಟುಕೊಂಡಿದ್ದೆಲ್ಲ ಒಂದೊಂದಾಗಿ ನೆನಪಾಯಿತು.

ನಮ್ಮೆಜಮಾನರು ಸರ್ಕಾರಿ ಬಸ್ಸಿನ ಡ್ರೈವರಾಗಿದ್ದರು. ತೀರಿಕೊಂಡು ಎರಡು ವರ್ಷದ ಮೇಲಾಗಿತ್ತು. ಎದೆನೋವು ಅಂದವರು ಆಸ್ಪತ್ರೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಹೋಗಿಬಿಟ್ಟರು. ಆರು ತಿಂಗಳು ಆ ಮನೆಯಲ್ಲಿ ಒಬ್ಬಳೇ ಇದ್ದೆ. ಆಮೇಲೆ ಆಗದೆ ತಿಪಟೂರಿಗೆ ಬಂದು, ಈ ಅಂಗಡಿಯನ್ನೂ ಅದರ ಹಿಂದಿನ ಎರಡು ಕೋಣೆಯನ್ನೂ ಬಾಡಿಗೆಗೆ ಹಿಡಿದೆ. ಮನೆಗೆ ಬೀಗ ಹಾಕಿದ ದಿನ ಅಟ್ಟದ ಮೇಲಿದ್ದ ಕಾಯಿಯನ್ನೆಲ್ಲ ನಾನೇ ಇಳಿಸಿ ಮಾರಿದ್ದೆ.

ರಿಜಿಸ್ಟ್ರಿಗೆ ಎರಡು ದಿನ ಮುಂಚೆ ಸಾಮಾನು ಖಾಲಿ ಮಾಡೋಣ ಅಂತ ಹೋದೆ. ಒಂದೂವರೆ ವರ್ಷ ಮುಚ್ಚಿದ್ದ ಮನೆ. ಮೊಣಕಾಲುದ್ದ ಧೂಳಿರುತ್ತದೆ ಅಂದುಕೊಂಡು ಹಳೇ ಸೀರೆ ಉಟ್ಟು ಹೋಗಿದ್ದೆ. ಬಾಗಿಲು ತೆಗೆದರೆ ನೆಲ ಕನ್ನಡಿಯ ಹಾಗಿತ್ತು. ಹಿತ್ತಲಿನ ತಂತಿಯ ಮೇಲೆ ಒಂದು ಟವೆಲ್ ಒಣಗುತ್ತಿತ್ತು. ಗೋಡೆಯ ಕ್ಯಾಲೆಂಡರ್ ಈ ವರ್ಷದ್ದು, ಹಾಳೆ ಕಳೆದ ವಾರದವರೆಗೆ ಹರಿದಿತ್ತು. ಅಟ್ಟ ಹತ್ತಿ ನೋಡಿದರೆ ಕಾಯಿಯ ರಾಶಿ. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ ಕೊಬ್ಬರಿ ಕರಟದಿಂದ ಬಿಟ್ಟುಕೊಂಡರೆ, ಅಲ್ಲಾಡಿಸಿದಾಗ ಸದ್ದು ಬರುತ್ತದೆ. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಲೊಟಲೊಟ ಅಂತು. ಅಂದರೆ ಅದನ್ನು ಅಲ್ಲಿಟ್ಟು ಹತ್ತಿರ ಹತ್ತಿರ ವರ್ಷವಾಗಿತ್ತು. ನಾನು ಬೀಗ ಹಾಕಿಕೊಂಡು ಹೋದ ಮೇಲೆ ಇಟ್ಟ ಕಾಯಿ ಅದು.

ಎದುರು ಮನೆಯಾಕೆ ಗೇಟಿನಲ್ಲಿ ನಿಂತು, "ಮಾರ್ಬುಟ್ರಂತೆ ಕಣಕ್ಕಾ? ವಾರಕ್ಕೊಂದ್ ಸಲನಾದ್ರೂ ಬಾಗ್ಲು ತೆಗೆದಿರೋದು, ಮನೇಲಿ ಜನ ಅವ್ರೆ ಅಂತ ಧೈರ್ಯ ಇತ್ತು" ಅಂದಳು. ಯಾರು ತೆಗೆಯುತ್ತಿದ್ದರು ಅಂತ ಕೇಳಬಹುದಿತ್ತು. ಕೇಳಲಿಲ್ಲ. ಎರಡು ದಿನಕ್ಕೆ ರಿಜಿಸ್ಟ್ರಿ ಇತ್ತು. ಆ ಮನೆಯಲ್ಲಿ ಏನೋ ಇದೆಯಂತೆ ಅಂತ ಬೀದಿಯಲ್ಲಿ ಒಂದು ಮಾತು ಹುಟ್ಟಿದರೆ ವ್ಯಾಪಾರ ಮುರಿಯುತ್ತಿತ್ತು. "ಹೂಂ ಕಣೇ" ಅಂತ ಹೇಳಿ ಆಟೋ ಹತ್ತಿದೆ. ನಮ್ಮೆಜಮಾನರ ಖಾಕಿ ಬಟ್ಟೆಗಳಿದ್ದ ಟ್ರಂಕನ್ನು ಮಾತ್ರ ಎತ್ತಿಕೊಳ್ಳಲು ಕೈ ಬರಲಿಲ್ಲ. ಮೇಷ್ಟ್ರು ಒಳ್ಳೆಯವರು. "ಆಷಾಢದಲ್ಲಿ ನಾವೇನೂ ಒಕ್ಲು ಬರಲ್ಲಮ್ಮ, ಶ್ರಾವಣದವರೆಗೆ ಕೀ ನಿಮ್ಮತ್ರಾನೇ ಇರ್ಲಿ, ನಿಧಾನಕ್ಕೆ ತಗೊಂಡೋಗಿ" ಅಂದಿದ್ದರು.

ಮಾರನೆಯ ದಿನ ಹನ್ನೊಂದು ಗಂಟೆಗೆ ಬ್ರೋಕರ್ ಬಂದ. ಐವತ್ತರ ಆಸುಪಾಸಿನ ತೆಳ್ಳನೆಯ ಆಳು, ಕಂಕುಳಲ್ಲಿ ರೆಕ್ಸಿನ್ ಬ್ಯಾಗು. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದ ನಾನು ಅವನು ಕೂರುವ ಮೊದಲೇ ಶುರು ಮಾಡಿದೆ. ಅಗ್ರಿಮೆಂಟ್ ಎಲ್ಲಿದೆ, ನಾನು ಯಾವಾಗ ಒಪ್ಪಿದೆ, ನನ್ನ ಅಪ್ಪಣೆಯಿಲ್ಲದೆ ಬೀಗ ತೆಗೆದಿದ್ದರೆ ಅದಕ್ಕೆ ಏನಂತಾರೆ ಗೊತ್ತಾ, ಸ್ಟೇಷನ್ನಿಗೆ ಹೋಗ್ಲಾ. ಹೆಂಗಸೊಬ್ಬಳೇ ಇದ್ದಾಳೆ ಅಂತ ಸುಲಿಯೋಕೆ ಬಂದಿದ್ದೀಯ ಅಂತಲೂ ಅಂದೆ.

ಅವನ ಮುಖ ಸಣ್ಣಗಾಯಿತು. "ಅಂಗೆಲ್ಲ ಅನ್ಬೇಡಿ ಅಮ್ಮ. ನಾನು ಯಾರ ಮನೆ ಬೀಗಾನೂ ಮುರಿದೋನಲ್ಲ. ನಿಮ್ಮತ್ರ ಯಾಕೆ ಜಗಳ? ಯಜಮಾನ್ರನ್ನ ಕರೀರಿ. ಆಚೆಯಿಂದ ತೋರ್ಸಕ್ಕೆ ಅಂತ ಹೋಗಿದ್ದೆ, ಅವರೇ ಬಾಗ್ಲು ತೆಗೆದು ಒಳಕ್ಕೆ ಕರೆದಿದ್ದು. ಮೇಷ್ಟ್ರು, ಅವರ ಮನೆಯವ್ರು ಇಬ್ರೂ ನನ್ ಜೊತೇಲಿದ್ರು. ಎರಡು ಪರ್ಸೆಂಟು ಅಂತ ಒಪ್ಪಿದ್ದೂ ಯಜಮಾನ್ರೇ. 'ಅವ್ಳಿಗೆ ಫೋನ್ ಮಾಡ್ಬೇಡ, ನನ್ನತ್ರಾನೇ ಮಾತಾಡು, ಸಂತೆ ದಿನ ಇಲ್ಲೇ ಇರ್ತೀನಿ' ಅಂದ್ರು."

"ಯಾವ ಯಜಮಾನ್ರು?"

"ಇದ್ಯಾಕಮ್ಮ ಹಿಂಗ್ ಕೇಳ್ತೀರ?" ಅಂತ ಅವನು ಅತ್ತಿತ್ತ ನೋಡಿದ. ನನ್ನ ಮಿಷನ್ನಿನ ಮೇಲೆ ಗೋಡೆಯಲ್ಲಿದ್ದ ಫೋಟೊ ಕಂಡಿತು. "ಇವ್ರೇ ಅಲ್ವಾ!" ಅಂತ ಬೆರಳು ತೋರಿಸಿದ.

ಬೆರಳು ಅಲ್ಲೇ ನಿಂತಿತು. ಫೋಟೊಗೆ ಹಾಕಿದ್ದ ಗಂಧದ ಹಾರ ಆಮೇಲೆ ಅವನ ಕಣ್ಣಿಗೆ ಬಿತ್ತು. ಹಾರ ನೋಡಿದ, ನನ್ನ ಹಣೆ ನೋಡಿದ, ಮತ್ತೆ ಫೋಟೊ ನೋಡಿದ.

"ಯಾವಾಗ ಹೋದ್ರು?" ಅಂತ ಪಿಸುಗುಟ್ಟಿದ.

"ಎರಡು ವರ್ಷದ ಮೇಲಾಯ್ತು."

"ನಾನು ನೋಡಿದ್ದು ಈ ಯುಗಾದಿ ಆದ್ಮೇಲೆ ಕಣಮ್ಮ."

ರೆಕ್ಸಿನ್ ಬ್ಯಾಗಿನಿಂದ ಫೋನ್ ಹೊರತೆಗೆದು, ಬೇರೆ ಪಾರ್ಟಿಗಳಿಗೆ ಕಳಿಸೋಕೆ ಅಂತ ಅವತ್ತು ತೆಗೆದಿದ್ದ ಫೋಟೊಗಳನ್ನು ತೋರಿಸಿದ. ಅಡುಗೆಮನೆ, ಬಚ್ಚಲು, ಹಿತ್ತಲು. ನಾಲ್ಕನೆಯದರಲ್ಲಿ ಹಿಂದಿನ ರೂಮಿನ ಕಿಟಕಿ, ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತ ಒಬ್ಬ ಗಂಡಸು. ಖಾಕಿ ಶರ್ಟು. ಎಡ ಭುಜ ಬಲಗಡೆಗಿಂತ ಒಂದು ಬೆರಳು ಇಳಿದಿತ್ತು. ಇಪ್ಪತ್ತೆಂಟು ವರ್ಷ ಆ ಬೆನ್ನನ್ನು ನೋಡಿದ್ದೆ. ಆ ಭುಜದ ಅಳತೆಗೆ ಶರ್ಟು ಹೊಲಿದಿದ್ದೆ, ಎಡಗಡೆ ಅರ್ಧ ಇಂಚು ಕಮ್ಮಿ ಇಟ್ಟು.

ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಹೊಟ್ಟೆಕಿಚ್ಚು. ನಾಚಿಕೆಯ ಮಾತು, ಆದರೂ ಹೇಳುತ್ತೇನೆ. ಎರಡು ವರ್ಷ ನನ್ನ ಕನಸಿಗೂ ಬರದವರು ಒಬ್ಬ ಬ್ರೋಕರಿಗೆ ಬಾಗಿಲು ತೆಗೆದಿದ್ದರು.

ಬ್ರೋಕರ್ ಎದ್ದ. "ನಂಗೆ ಕಮಿಷನ್ ಬ್ಯಾಡ ಬುಡಿ ಅಮ್ಮ" ಅಂದವನೇ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೊರಟುಹೋದ.

ಬೇಡ ಅಂದರೆ ಮುಗಿಯಬೇಕಿತ್ತು. ಕೇಳುವವನೇ ಬಿಟ್ಟು ಹೋದ, ನಾನು ಗೆದ್ದ ಹಾಗೆ. ಆದರೆ ಅವತ್ತಿಂದ ನನಗೆ ಆ ಫೋಟೊದ ಕೆಳಗೆ ಕೂತು ಹೊಲಿಯುವುದು ಆಗಲಿಲ್ಲ. ದಾರ ಪೋಣಿಸುವಾಗ ಮೇಲಿಂದ ಯಾರೋ ನೋಡಿದ ಹಾಗೆ. ಒಂದು ಮಧ್ಯಾಹ್ನ ಮಿಷನ್ನನ್ನೇ ಆಚೆ ಗೋಡೆಗೆ ಎಳೆದೆ. ಎಳೆದ ಮೇಲೆ ಅದು ಅವರಿಗೆ ಬೆನ್ನು ಹಾಕಿದಂತಾಗಿ, ಮತ್ತೆ ಈಚೆಗೆ ಎಳೆದೆ.

ನಾಲ್ಕು ದಿನ ಕಾದು ಟೀಚರಮ್ಮನಿಗೆ ಫೋನ್ ಮಾಡಿದೆ. ಬ್ರೋಕರ್ ಜೊತೆ ಮನೆ ನೋಡೋಕೆ ಹೋಗಿದ್ರಾ ಅಂತ ನೇರವಾಗಿ ಕೇಳಿದೆ.

"ಹೋಗಿದ್ವಿ ಕಣ್ರೀ," ಅಂದರು. "ಒಬ್ರು ತೋರಿಸಿದ್ರು. ಮಾತು ಕಮ್ಮಿ. ನೀರು ಕೊಟ್ರು, ಕೂರಿ ಅಂದ್ರು. ಆಚೆಗೆ ಬಂದ್ಮೇಲೆ ಎದುರು ಮನೆಯವ್ರನ್ನ ವಿಚಾರಿಸಿದ್ರೆ, ಯಜಮಾನ್ರು ತೀರ್ಕೊಂಡು ಎರಡು ವರ್ಷ ಆಯ್ತು, ಹೆಂಡ್ತಿ ತಿಪಟೂರಲ್ಲಿ ಟೈಲರ್ ಅಂದ್ರು. ಬ್ರೋಕರ್ ಯಾರನ್ನೋ ನಿಲ್ಲಿಸಿ ಮೋಸ ಮಾಡ್ತಾ ಇದಾನೆ ಅಂದ್ಕೊಂಡ್ವಿ. ನಿಜವಾದ ಓನರ್ ಹತ್ರಾನೇ ಹೋಗೋಣ ಅಂತ ನಿಮ್ಮ ಅಂಗಡಿಗೆ ಬಂದೆ. ಬಂದು ನೋಡಿದ್ರೆ ಗೋಡೆ ಮೇಲೆ ಅದೇ ಮುಖ. ನನ್ನ ಕೈಲಿದ್ದ ಬಟ್ಟೆ ಬಿದ್ದೋಯ್ತು, ನಿಮಗೆ ನೆನಪಿಲ್ವಾ?"

ನೆನಪಿತ್ತು. ಬಿಸಿಲಿಗೆ ತಲೆ ಸುತ್ತಿರಬೇಕು ಅಂತ ನಾನು ಕುರ್ಚಿ ಹಾಕಿದ್ದೆ.

"ಮತ್ತೆ ಯಾಕೆ ಮನೆ ತಗೊಂಡ್ರಿ?"

"ನಮ್ಮೆಜಮಾನ್ರಿಗೆ ಇದರಲ್ಲೆಲ್ಲ ನಂಬಿಕೆ ಇಲ್ಲ. ನಾನು ಹೆದರ್ಕೊಂಡೇ ಒಪ್ಪಿದೆ. ಆದ್ರೆ ಒಂದು ಹೇಳ್ತೀನಿ, ಯಾರೇ ಆಗಿರ್ಲಿ, ಆ ಮನುಷ್ಯ ನಮ್ಮನ್ನ ಎಷ್ಟು ಚೆನ್ನಾಗಿ ಕೂರಿಸ್ಕೊಂಡ್ರು ಗೊತ್ತಾ? ಕೆಟ್ಟದ್ದು ಅನ್ನಿಸ್ಲಿಲ್ಲ. ಕಮಿಷನ್ ಉಳೀತದೆ ಅನ್ನೋದೂ ಮನಸಲ್ಲಿತ್ತು, ಸುಳ್ಳು ಹೇಳಲ್ಲ."

ಮುಂದಿನ ಸಂತೆ ದಿನ ಬೆಳಗ್ಗೆ ನಾನು ಬಸ್ಸು ಹತ್ತಿ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಇಳಿದೆ. ಬ್ರೋಕರನ್ನು ಟೀ ಅಂಗಡಿಗೆ ಕರೆಸಿದೆ. ತುರುವೇಕೆರೆಗೆ ನನ್ನ ಜೊತೆ ಬಾ ಅಂದಾಗ ಅವನು ಲೋಟ ಕೆಳಗಿಟ್ಟ. "ಹೆಂಡ್ರು ಮಕ್ಳು ಅವ್ರೆ ಕಣಮ್ಮ ನಂಗೆ," ಅಂದ. "ನಂಗಿಲ್ವಾ ಜೀವ?" ಅಂದೆ. ಬಂದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತೋಟಗಳು ಸರಿದು ಹೋದವು.

ಬೀದಿಯಲ್ಲಿ ಜನರಿರಲಿಲ್ಲ, ಎಲ್ಲ ಸಂತೆಗೆ ಹೋಗಿದ್ದರು. ನೆತ್ತಿಯ ಮೇಲೆ ಸೂರ್ಯ. ನಮ್ಮ ಮನೆಯ ಬಾಗಿಲಿಗೆ ಬೀಗ ಇರಲಿಲ್ಲ. ಒಳಗಿನಿಂದ ಪೊರಕೆಯ ಸದ್ದು ಬರುತ್ತಿತ್ತು, ನಿಧಾನವಾಗಿ, ಮೂಲೆ ಮೂಲೆಯನ್ನೂ ಬಿಡದ ಹಾಗೆ. ಬ್ರೋಕರ್ ಗೇಟಿನ ಕಂಬಿ ಹಿಡಿದುಕೊಂಡು ನಿಂತುಬಿಟ್ಟ.

ನಾನು ಒಳಗೆ ಹೋದೆ. ನಡುಮನೆ ದಾಟಿದೆ. ಹಿಂದಿನ ರೂಮಿನಲ್ಲಿ ಖಾಕಿ ಶರ್ಟಿನ ಬೆನ್ನು ಬಗ್ಗಿಕೊಂಡು ಗುಡಿಸುತ್ತಿತ್ತು. ಬಾಯಿಂದ ಬಂದದ್ದು ನಾನು ಅವರನ್ನು ಬದುಕಿದ್ದಾಗ ಕರೆಯುತ್ತಿದ್ದ ಮಾತು.

"ರೀ."

ಪೊರಕೆ ನಿಂತಿತು. ಬೆನ್ನು ತಕ್ಷಣ ತಿರುಗಲಿಲ್ಲ. ಆ ಕ್ಷಣ ಎಷ್ಟು ಉದ್ದವಿತ್ತು ಅಂತ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ತಿರುಗದೇ ಇರಲಿ ಅಂತಲೂ ಅನ್ನಿಸಿತು, ತಿರುಗಲಿ ಅಂತಲೂ ಅನ್ನಿಸಿತು.

ತಿರುಗಿದಾಗ ಅದೇ ಮುಖ. ಅದೇ ಹುಬ್ಬು, ಅದೇ ಗಲ್ಲ, ಆದರೆ ಕಣ್ಣು ಬೇರೆ. ಕಣ್ಣು ನೋಡಿದ ಮೇಲೆ ಗೊತ್ತಾಯಿತು.

ನನ್ನ ಮೈದುನ. ನಮ್ಮೆಜಮಾನರಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ತಾಯಿ ಬೇಗ ಹೋದದ್ದರಿಂದ ಅಣ್ಣನೇ ಎತ್ತಿ ಬೆಳೆಸಿದ್ದು. ಮದುವೆಯಾಗದೆ ಊರಲ್ಲಿ ತೋಟ ನೋಡಿಕೊಂಡು ಒಬ್ಬನೇ ಇದ್ದ. ನನಗೆ ಗೊತ್ತಿದ್ದವನು ಎದೆಯವರೆಗೆ ಗಡ್ಡ ಬಿಟ್ಟ ಒಣಕಲು ಮನುಷ್ಯ. ತಿಥಿ ಆದ ಮೇಲೆ ಅವನು ನಮ್ಮ ಕಡೆ ತಲೆ ಹಾಕಿರಲಿಲ್ಲ, ಫೋನ್ ಎತ್ತುತ್ತಿರಲಿಲ್ಲ. ಅಣ್ಣ ಇರೋವರೆಗೆ ಮಾತ್ರ ಈ ಅತ್ತಿಗೆ ಅಂತ ನಾನೂ ಬೇಜಾರು ಮಾಡಿಕೊಂಡು ಬಿಟ್ಟಿದ್ದೆ. ಈಗ ಗಡ್ಡ ತೆಗೆದಿದ್ದ, ಮೈ ತುಂಬಿಕೊಂಡಿದ್ದ. ಅಂಗಡಿಯ ಗೋಡೆಯಲ್ಲಿದ್ದದ್ದು ನಮ್ಮೆಜಮಾನರ ನಲವತ್ತೈದರ ಫೋಟೊ. ಇವನಿಗೆ ಈಗ ಅದೇ ವಯಸ್ಸು.

"ಅತ್ಗೆ," ಅಂದ. ಪೊರಕೆ ಇನ್ನೂ ಕೈಯಲ್ಲೇ ಇತ್ತು.

ನಾನು ನೆಲದ ಮೇಲೆ ಕೂತುಬಿಟ್ಟೆ. ಅವನೂ ಸ್ವಲ್ಪ ದೂರದಲ್ಲಿ ಕೂತ. ಒಂದು ಕೀಯನ್ನು ಅಣ್ಣನೇ ಎಷ್ಟೋ ವರ್ಷದ ಹಿಂದೆ ಕೊಟ್ಟಿದ್ದನಂತೆ. ನಾನು ಅದು ಕಳೆದುಹೋಯಿತು ಅಂದುಕೊಂಡಿದ್ದೆ. ಸಂತೆಗೆ ಬಂದ ದಿನ ಇಲ್ಲಿಗೆ ಬಂದು ಗುಡಿಸಿ, ಸ್ನಾನ ಮಾಡಿ, ಟ್ರಂಕಿನಿಂದ ಅಣ್ಣನ ಒಂದು ಶರ್ಟು ತೆಗೆದು ಹಾಕಿಕೊಂಡು ಸಾಯಂಕಾಲದವರೆಗೆ ಕೂರುತ್ತಿದ್ದ. ಹೊರಡುವಾಗ ಮತ್ತೆ ಮಡಚಿಡುತ್ತಿದ್ದ. ಬ್ರೋಕರಿನ ಫೋಟೊದಲ್ಲಿ ಇಳಿದು ಕಂಡ ಎಡ ಭುಜ ನನ್ನದೇ ಹೊಲಿಗೆಯದು. ಅಟ್ಟದ ಕಾಯಿ ಅವನ ತೋಟದ್ದು. ಪ್ರತಿ ವರ್ಷ ಅಣ್ಣನ ಅಟ್ಟಕ್ಕೆ ಇಷ್ಟು ಅಂತ ಹಾಕಿ ಅಭ್ಯಾಸ, ಹಾಕಿದ. ಆ ಕಡೆಯ ಋಣ ಹರಿದುಹೋಯಿತು ಅಂದುಕೊಂಡಿದ್ದ ನನಗೆ ಅದು ಹೊಳೆದೇ ಇರಲಿಲ್ಲ.

"ಕ್ಯಾಲೆಂಡರ್?"

"ಅದು ನಾನು ತಂದಿದ್ದಲ್ಲ. ನೀವೇ ಬಂದು ನೇತಾಕಿದ್ದೀರ ಅನ್ಕೊಂಡೆ. ಬಂದಾಗೆಲ್ಲ ಹಾಳೆ ಹರೀತಿದ್ದೆ ಅಷ್ಟೆ."

ನಾನು ಹಾಕಿರಲಿಲ್ಲ. ಇಬ್ಬರೂ ಒಂದು ಸಲ ನಡುಮನೆಯ ಕಡೆ ನೋಡಿದೆವು. ಆ ಮಾತನ್ನು ಅಲ್ಲಿಗೇ ಬಿಟ್ಟೆವು.

"ಬ್ರೋಕರ್ ಬಂದಾಗ ಯಜಮಾನ ಅಂತ ಯಾಕೆ ಹೇಳ್ದೆ?"

ಅವನು ಪೊರಕೆಯ ಒಂದು ಕಡ್ಡಿ ಕಿತ್ತ. "ನಾನಾಗೆ ಹೇಳ್ಲಿಲ್ಲ ಅತ್ಗೆ. ಅವ್ನು ಬಾಗ್ಲಲ್ಲಿ ನಿಂತು, 'ಯಜಮಾನ್ರು ಅವ್ರಾ?' ಅಂದ. ಅಣ್ಣ ಅವ್ನಾ ಅಂತ ಕೇಳ್ದಂಗಾಯ್ತು. ಇಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ. ಹೂಂ ಅಂದ್ಬುಟ್ಟೆ. ಒಂದ್ಸಲ ಅಂದ್ಮೇಲೆ ಬಂದೋರ್ನ ಕೂರ್ಸಿ ನೀರು ಕೊಡ್ಬೇಕಲ್ಲ, ಕೊಟ್ಟೆ. ಮನೆ ಮಾರ್ತಾರೆ ಅನ್ನೋದು ಆಗ್ಲೇ ನಂಗೆ ಗೊತ್ತಾಗಿದ್ದು. ನಿಮ್ಗೆ ಫೋನ್ ಮಾಡ್ಬೇಡ ಅಂದಿದ್ದು, ವ್ಯಾಪಾರ ಸ್ವಲ್ಪ ದಿನ ನಿಂತ್ಕೊಳ್ಳಿ ಅಂತ. ಪರ್ಸೆಂಟು ಕೇಳ್ದ, ಅಣ್ಣ ಆಗಿದ್ರೆ ಬಡವ್ರ ಹತ್ರ ಚೌಕಾಸಿ ಮಾಡ್ತಿರ್ಲಿಲ್ಲ ಅಂತ ಅದ್ಕೂ ಹೂಂ ಅಂದೆ."

ನನಗೆ ಬೈಯಬೇಕು ಅನ್ನಿಸಲಿಲ್ಲ. ಆಸ್ಪತ್ರೆಯಲ್ಲಿ ಹೆಣ ಕೊಡುವಾಗ ಕಾಗದಕ್ಕೆ ಸಹಿ ಹಾಕಿದ್ದು ನಾನು, ಬೆಂಕಿ ಇಟ್ಟದ್ದು ಅವನು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನಾನು ಇಲ್ಲಿ ಇರಲಾರದೆ ಓಡಿದೆ, ಅವನು ಇಲ್ಲಿಗೆ ಬರದೆ ಇರಲಾರದೆ ಹೋದ.

ಗೇಟಿನಲ್ಲಿದ್ದ ಬ್ರೋಕರನ್ನು ಒಳಗೆ ಕರೆದೆ. ಅವನು ಹೊಸಿಲ ಆಚೆಯೇ ನಿಂತು ನನ್ನ ಮೈದುನನ ಪಾದಗಳನ್ನು ನೋಡಿದ. ಪಾದ ನೇರವಾಗಿವೆ ಅಂತ ಖಾತ್ರಿಯಾದ ಮೇಲೂ ಹತ್ತಿರ ಬಂದು, "ಒಸಿ ಕೈ ಕೊಡಿ ಸಾಮಿ" ಅಂತ ಕೈ ಮುಟ್ಟಿ ನೋಡಿದ. ಬೆಚ್ಚಗಿತ್ತು ಅಂತ ಕಾಣುತ್ತದೆ, ಗೋಡೆಗೆ ಒರಗಿ ಉಸಿರು ಬಿಟ್ಟ. ವಿಷಯ ತಿಳಿದ ಮೇಲೆ ಅವನಿಗೆ ಸಿಟ್ಟು ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. "ನನ್ ತಮ್ಮ ಹೋದಾಗ ನಾನೂ ಅವ್ನ ಚಪ್ಪಲಿ ಮೆಟ್ಕೊಂಡು ಓಡಾಡ್ದೆ ಕಣಮ್ಮ, ಸವೆಯೋವರ್ಗೂ" ಅಂದ, ಅಷ್ಟೆ.

ಅಂಗಡಿಯಲ್ಲಿ ಗಿರಾಕಿಗಳ ಎದುರು ಸುಲಿಯುವವನು ಅಂದಿದ್ದೆನಲ್ಲ, ಅದಕ್ಕೆ ಅಲ್ಲೇ ಕ್ಷಮೆ ಕೇಳಿದೆ.

"ಕಾನೂನ್ ಪ್ರಕಾರ ನಂಗೇನೂ ಬರಲ್ಲ ಬುಡಿ," ಅಂದ ಅವನು. "ಒಪ್ಪಿದೋರು ಓನರ್ರೇ ಅಲ್ಲ."

"ನಾನ್ ಒಪ್ಪಿದ್ದು, ನಾನ್ ಕೊಡ್ತೀನಿ. ಈ ಅಟ್ಟದ ಕೊಬ್ಬರಿ ಮಾರಿ ಕೊಡ್ತೀನಿ," ಅಂದ ಮೈದುನ.

"ನೀನು ಒಪ್ಪಿದ್ದು ಯಾರ ಹೆಸರಲ್ಲಿ?" ಅಂದೆ. "ಅವ್ರ ಹೆಸರಲ್ಲಿ ಆಡಿದ ಮಾತು, ತೀರಿಸೋದು ನಾನೇ."

ಮೇಷ್ಟ್ರಿಗೆ ಅಲ್ಲಿಂದಲೇ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ನಗಲಿಲ್ಲ. ಬ್ರೋಕರ್ ಕರೆದುಕೊಂಡು ಹೋದದ್ದು ನಿಜವಾದ್ದರಿಂದ ಅರ್ಧ ತಾವು ಕೊಡುವುದಾಗಿ ಹೇಳಿದರು. ಉಳಿದರ್ಧ ನಾನು ಕೊಟ್ಟೆ. ಬ್ರೋಕರ್ ನೋಟುಗಳನ್ನು ಎಣಿಸದೆ ಬ್ಯಾಗಿಗೆ ಹಾಕಿಕೊಂಡ.

ಶ್ರಾವಣದಲ್ಲಿ ಮೇಷ್ಟ್ರು ಒಕ್ಕಲು ಬಂದರು. ನಮ್ಮನ್ನೂ ಊಟಕ್ಕೆ ಕರೆದಿದ್ದರು. ಮೈದುನ ಬಿಳಿ ಶರ್ಟಿನಲ್ಲಿ ಬಂದ, ಮೀಸೆ ಬಿಡಲು ಶುರು ಮಾಡಿದ್ದ. ಆದರೂ ಟೀಚರಮ್ಮ ಅವನ ಎಲೆಗೆ ಪಾಯಸ ಬಡಿಸುವಾಗ ಅವನ ಪಾದಗಳ ಕಡೆ ಕಣ್ಣು ಹಾಯಿಸಿದ್ದನ್ನು ನೋಡಿದೆ.

ಈಗ ಅವನು ಹದಿನೈದು ದಿನಕ್ಕೊಮ್ಮೆ ಕೊಬ್ಬರಿ ಮಾರಲು ತಿಪಟೂರಿಗೆ ಬಂದಾಗ ಅಂಗಡಿಗೆ ಬರುತ್ತಾನೆ. ನಾನು ಕಟಿಂಗ್ ಮಾಡುತ್ತಿರುವಾಗ ಹಿಂದಿನ ಬೆಂಚಿನ ಮೇಲೆ ಕೂತು, ಮಳೆ, ರೇಟು, ಆಳಿನ ಕೂಲಿ ಅಂತ ಏನೇನೋ ಮಾತಾಡುತ್ತಾನೆ. ವಯಸ್ಸಾಗುತ್ತ ಅವನ ದನಿಯೂ ದಪ್ಪಗಾಗುತ್ತಿದೆ. ಒಂದೊಂದು ಸಲ ಆ ದನಿ ಬೆನ್ನ ಹಿಂದಿನಿಂದ ಬಂದಾಗ ನಾನು ಹೂಂ ಅನ್ನುತ್ತ ಕತ್ತರಿ ಆಡಿಸುತ್ತಲೇ ಇರುತ್ತೇನೆ, ಬೇಗ ತಿರುಗಿ ನೋಡುವುದಿಲ್ಲ.